ಆಸೆ ಇಟ್ಟುಕೊಳ್ಳಲಿಕ್ಕೂ ಶಕ್ತಿ ಬೇಕಲ್ವಾ, ಮೇಡಂ?

ಪ್ರಶ್ನೆ:

ಮೇಡಂ, ನಮಸ್ಕಾರ. ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವವರು, ಊರು ಕುಂದಾಪುರದ ಹತ್ತಿರ. ನನಗೆ 44 ವರ್ಷ. ನಮ್ಮನೆಯವರು ಠಾಣೆಯಲ್ಲಿ ಸಣ್ಣ ಹೋಟೆಲ್ ನಡೆಸುತ್ತಿದ್ದರು. ಕಳೆದ ನವೆಂಬರ್‌ನಲ್ಲಿ ಗಲ್ಲಾದಲ್ಲಿ ಕೂತಲ್ಲೇ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಬಿದ್ದುಹೋಯಿತು, ಮಾತೂ ಹೋಯಿತು. ಈಗ ಕೋಲು ಹಿಡಿದು, ನಾನು ಜೊತೆಗಿದ್ದರೆ ಬಾತ್‌ರೂಮಿಗೆ ಹೋಗುತ್ತಾರೆ. ಮಾತು ‘ಹಾಂ’, ‘ಬೇಡ’ ಅಷ್ಟೇ. ಆದರೆ ಶನಿವಾರ ಭಜನೆ ಹಾಕಿದರೆ ಜೊತೆಗೆ ಹಾಡುತ್ತಾರೆ! ಅದನ್ನು ನೋಡಿದ ನನ್ನ ಭಾವ ‘ನೀರು ಕೇಳ್ಲಿಕ್ಕೆ ಬರೋದಿಲ್ಲ, ಹಾಡ್ಲಿಕ್ಕೆ ಬರ್ತದೆ, ಎಲ್ಲ ನಾಟಕ’ ಅಂದರು.

ಹೋಟೆಲನ್ನು ಕಂಡಕ್ಟಿಂಗ್‌ಗೆ, ಅಂದರೆ ಬೇರೆಯವರಿಗೆ ನಡೆಸಲಿಕ್ಕೆ, ಕೊಟ್ಟಿದ್ದೇವೆ. ಮಗ 12ನೇ ಕ್ಲಾಸ್. ನಾನು ಬಿಲ್ಡಿಂಗಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದೆ, ಈಗ ಬಿಟ್ಟಿದ್ದೇನೆ. ಫಿಸಿಯೋ ಮಾಡುವ ಹುಡುಗ ‘ಆರು ತಿಂಗಳಲ್ಲಿ ಬಂದದ್ದು ಬಂತು ಆಂಟಿ’ ಅಂದ ದಿನದಿಂದ ನನಗೆ ಏನೂ ಬೇಡವಾಗಿದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಪಕ್ಕದ ಮನೆಯವರ ನಿದ್ದೆ ಮಾತ್ರೆ ಎರಡು ಮೂರು ಸಲ ತಗೊಂಡೆ. ಎಲ್ಲರೂ ಧೈರ್ಯ ತಗೋ, ಪಾಸಿಟಿವ್ ಆಗಿರು ಅನ್ನುತ್ತಾರೆ. ಆಸೆ ಇಟ್ಟುಕೊಳ್ಳಲಿಕ್ಕೂ ಶಕ್ತಿ ಬೇಕಲ್ವಾ? ಮೊನ್ನೆ ಲೋಕಲ್‌ನಲ್ಲಿ ಹಳೇ ಗೆಳತಿ ಸಿಕ್ಕಿ ಏನೋ ಹೇಳಿದಳು, ಜೋರಾಗಿ ನಕ್ಕುಬಿಟ್ಟೆ. ಮನೆಗೆ ಬಂದು ಅತ್ತುಬಿಟ್ಟೆ.

ಇನ್ನೊಂದು ವಿಷಯ. ಯಾರಿಗೂ ಹೇಳಿಲ್ಲ. ಕೆಲವು ಸಲ ಅವತ್ತೇ ಹೋಗಿದ್ದರೆ ಇವರಿಗೂ ಒಳ್ಳೆಯದಿತ್ತೇನೋ ಅನ್ನಿಸುತ್ತದೆ. ನಾನು ಎಂಥ ಹೆಂಗಸು?

ಉತ್ತರ:

ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಉಳಿದದ್ದೆಲ್ಲ ಆಮೇಲೆ.

‘ಅವತ್ತೇ ಹೋಗಿದ್ದರೆ’ ಅನ್ನುವ ಯೋಚನೆ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ತುಂಬ ಜನರಿಗೆ ಬರುತ್ತದೆ. ಹೆಂಡತಿಯರಿಗೆ ಬರುತ್ತದೆ, ಗಂಡಂದಿರಿಗೆ ಬರುತ್ತದೆ, ಅಮ್ಮನನ್ನು ನೋಡಿಕೊಳ್ಳುವ ಮಕ್ಕಳಿಗೂ ಬರುತ್ತದೆ. ಹೆಚ್ಚಿನವರು ಹೇಳುವುದಿಲ್ಲ, ಅಷ್ಟೇ. ನನ್ನ ಎದುರು ಕೂತು ಹೇಳುವವರು ಕೂಡ ಬಾಗಿಲು ಸರಿಯಾಗಿ ಹಾಕಿದೆಯಾ ಅಂತ ಒಮ್ಮೆ ತಿರುಗಿ ನೋಡಿಯೇ ಹೇಳುತ್ತಾರೆ. ಯೋಚನೆ ಬರುವುದು ಬೇರೆ, ಬಯಸುವುದು ಬೇರೆ. ಈ ಯೋಚನೆಯ ಒಳಗೆ ಸಾಮಾನ್ಯವಾಗಿ ಇರುವುದು ಒಂದೇ ಮಾತು: ‘ಈ ಸುಸ್ತು ಒಮ್ಮೆ ಮುಗಿಯಲಿ.’ ಹಾಗೆ ಯೋಚನೆ ಬಂದ ರಾತ್ರಿಯೇ ನೀವು ಎದ್ದು ಅವರನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗಿ, ಲುಂಗಿ ಸರಿ ಮಾಡಿ, ಮತ್ತೆ ಮಲಗಿಸಿದ್ದೀರಿ. ಎಂಥ ಹೆಂಗಸು ಅಂತ ಕೇಳಿದಿರಲ್ಲ, ಇಂಥ ಹೆಂಗಸು.

ಆದರೆ ಒಂದು ಮಾತನ್ನು ನೇರವಾಗಿ ಕೇಳಬೇಕು. ಈ ಯೋಚನೆ ಯಾವತ್ತಾದರೂ ನಿಮ್ಮ ಕಡೆ ತಿರುಗಿದೆಯಾ? ‘ನಾನೇ ಇಲ್ಲದಿದ್ದರೆ’ ಅಂತ ಅನ್ನಿಸಿದೆಯಾ? ಹೌದಾದರೆ ಈ ಉತ್ತರ ಪೂರ್ತಿ ಓದುವವರೆಗೂ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ಕನ್ನಡದಲ್ಲಿ ಮಾತಾಡಬೇಕು ಅಂತ ಕೇಳಿ. ಹೆಸರು ಹೇಳಲೇಬೇಕು ಅಂತಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ಅವತ್ತೇ ಹೇಳಿ.

ಈಗ ನಿಮಗೆ ಆಗಿರುವುದು ಏನು ಅಂತ ನೋಡೋಣ. ಊರಲ್ಲಿ ಯಾರಾದರೂ ತೀರಿಹೋದರೆ ಏನೇನು ನಡೆಯುತ್ತದೆ ಅಂತ ನಿಮಗೆ ಗೊತ್ತು. ಜನ ಬರುತ್ತಾರೆ, ಅಳುತ್ತಾರೆ, ಬೊಜ್ಜದ (ಉತ್ತರಕ್ರಿಯೆಯ) ಊಟ ಆಗುತ್ತದೆ. ಅಳಲಿಕ್ಕೆ ಒಂದು ಜಾಗ, ಒಂದು ದಿನ ಅಂತ ಇರುತ್ತದೆ. ನಿಮಗೆ ಅದ್ಯಾವುದೂ ಇಲ್ಲ. ಗಂಡ ಎದುರಿಗೇ ಕೂತಿದ್ದಾರೆ, ಆದರೆ ರಾತ್ರಿ ಹನ್ನೊಂದಕ್ಕೆ ಹೋಟೆಲ್ ಮುಚ್ಚಿ ಬಂದು ದಿನದ ಲೆಕ್ಕ ಹೇಳುತ್ತಿದ್ದ ಮನುಷ್ಯ ಇಲ್ಲ. ಇದ್ದೂ ಇಲ್ಲದ ಹಾಗೆ. ಅವರಿಗೆ ಟೀ ಕುಡಿಸುತ್ತಲೇ ಅವರಿಗಾಗಿ ಅಳಬೇಕು. ಬಂದವರೆಲ್ಲ ‘ಅವರು ಹೇಗಿದ್ದಾರೆ’ ಅಂತ ಕೇಳುತ್ತಾರೆ. ನೀವು ಹೇಗಿದ್ದೀರಿ ಅಂತ ಕೇಳಿದವರು ಎಷ್ಟು ಜನ?

ಅಮೆರಿಕದ ಪಾಲಿನ್ ಬಾಸ್ ಅನ್ನುವ ಫ್ಯಾಮಿಲಿ ಥೆರಪಿಸ್ಟ್ 1970ರ ದಶಕದಲ್ಲಿ ಇಂಥ ದುಃಖದ ಬಗ್ಗೆ ಕೆಲಸ ಮಾಡಿದರು. ಮೊದಲು ಅವರು ನೋಡಿದ್ದು ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರನ್ನು. ಸತ್ತಿದ್ದಾರೋ ಬದುಕಿದ್ದಾರೋ ಗೊತ್ತಿಲ್ಲ. ಆಮೇಲೆ ಮರೆವಿನ ಕಾಯಿಲೆ ಬಂದವರ ಮನೆಗಳಲ್ಲೂ ಅದೇ ಥರದ ನೋವು ಕಂಡಿತು. ಅವರು ಹೇಳುವುದು ಇಷ್ಟು: ಈ ದುಃಖ ಮುಗಿಯುತ್ತದೆ ಅಂತ ಕಾಯುತ್ತಾ ಕೂತರೆ ಮನುಷ್ಯ ಒಣಗಿಹೋಗುತ್ತಾನೆ. ‘ಇದ್ದಾರೆ’ ಅನ್ನುವುದೂ ನಿಜ, ‘ಮೊದಲಿನವರು ಇಲ್ಲ’ ಅನ್ನುವುದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕುವುದನ್ನು ಕಲಿಯಬೇಕು. ಕೇಳಲಿಕ್ಕೆ ಸುಲಭ, ಮಾಡಲಿಕ್ಕೆ ಕಷ್ಟ ಅಂತ ನನಗೂ ಗೊತ್ತು. ಆದರೆ ನಿಮ್ಮ ದುಃಖಕ್ಕೆ ಕಾರಣ ಇದೆ, ಅದು ನಿಮ್ಮ ಮನಸ್ಸಿನ ದೌರ್ಬಲ್ಯದಿಂದ ಬಂದದ್ದಲ್ಲ ಅನ್ನುವುದು ಗೊತ್ತಾದರೂ ಅರ್ಧ ಭಾರ ಇಳಿಯುತ್ತದೆ.

ಇನ್ನು ಭಜನೆಯ ವಿಷಯ. ನಿಮ್ಮ ಪ್ರಶ್ನೆ ಓದುವಾಗ ನನಗೆ ತುಂಬ ಹೊತ್ತು ಮನಸ್ಸಲ್ಲಿ ನಿಂತದ್ದು ಇದೇ.

ನಿಮ್ಮ ಭಾವನವರಿಗೆ ದಯವಿಟ್ಟು ಇದನ್ನು ಓದಿಸಿ. ನಾಟಕ ಖಂಡಿತ ಅಲ್ಲ. ಹೆಚ್ಚಿನವರಲ್ಲಿ ಮಾತನ್ನು ನಡೆಸುವುದು ಮೆದುಳಿನ ಎಡಭಾಗ. ಬಲಗೈ ಬಲಗಾಲನ್ನು ನಡೆಸುವುದೂ ಎಡಭಾಗವೇ. ಅದಕ್ಕೇ ಬಲಗಡೆ ಬಿದ್ದವರಲ್ಲಿ ಮಾತು ಹೋಗುವುದು ಜಾಸ್ತಿ. 1861ರಲ್ಲಿ ಪಾಲ್ ಬ್ರೋಕಾ ಅನ್ನುವ ಫ್ರೆಂಚ್ ಡಾಕ್ಟರು ಒಬ್ಬ ರೋಗಿಯ ಬಗ್ಗೆ ಬರೆದರು. ಆತನ ಬಾಯಲ್ಲಿ ಬರುತ್ತಿದ್ದದ್ದು ‘ಟಾನ್’ ಅನ್ನುವ ಒಂದೇ ಶಬ್ದ. ಆದರೆ ಬೇರೆಯವರು ಹೇಳಿದ್ದು ಆತನಿಗೆ ಬಹಳಷ್ಟು ಅರ್ಥವಾಗುತ್ತಿತ್ತು. ಹಾಡು, ಮಂತ್ರ, ಒಂದು ಎರಡು ಮೂರು ಎಣಿಸುವುದು, ವಾರದ ಹೆಸರು, ಬೈಗುಳ, ಇವೆಲ್ಲ ಬಾಯಿಪಾಠ. ಇವು ಬರುವ ದಾರಿ ಬೇರೆ. ಹಾಡಿನಲ್ಲಿ ಮೆದುಳಿನ ಬಲಭಾಗವೂ ಕೆಲಸ ಮಾಡುತ್ತದೆ. ಹೊಸದಾಗಿ ‘ನನಗೆ ನೀರು ಕೊಡು’ ಅಂತ ವಾಕ್ಯ ಕಟ್ಟುವುದು ಅವರಿಗೆ ಈಗ ಬೆಟ್ಟ ಹತ್ತಿದಷ್ಟು ಕಷ್ಟ. ಇಪ್ಪತ್ತು ವರ್ಷದಿಂದ ಹಾಡಿದ ಭಜನೆ ತಾನಾಗಿ ಬರುತ್ತದೆ. ಬೈಗುಳವೂ ತಾನಾಗಿ ಬಂದೀತು, ಗಾಬರಿ ಬೀಳಬೇಡಿ. ಎಂದೂ ಕೆಟ್ಟ ಮಾತಾಡದ ಹಿರಿಯರ ಬಾಯಲ್ಲಿ ಸ್ಟ್ರೋಕ್ ಆದ ಮೇಲೆ ಬೈಗುಳ ಕೇಳಿ ಮನೆಯವರು ಬೆಚ್ಚಿಬಿದ್ದದ್ದನ್ನು ನಾನು ನೋಡಿದ್ದೇನೆ.

ಹಾಡು ಉಳಿದಿರುವುದು ಒಳ್ಳೆಯ ಸಂಗತಿ. ರಾಗದ ಮೂಲಕವೇ ಮಾತು ಕಲಿಸುವ ಒಂದು ಚಿಕಿತ್ಸೆಯನ್ನು 1970ರ ದಶಕದಲ್ಲಿ ಬೋಸ್ಟನ್‌ನಲ್ಲಿ ಶುರು ಮಾಡಿದರು. ‘ನೀರು ಬೇಕು’ ಅನ್ನುವುದನ್ನು ಸಣ್ಣ ರಾಗದಲ್ಲಿ, ಎಡಗೈಯಿಂದ ತಾಳ ಹಾಕುತ್ತಾ ಹೇಳಿಸುತ್ತಾರೆ. ಮೊದಲು ಒಟ್ಟಿಗೆ, ಆಮೇಲೆ ಅವರೊಬ್ಬರೇ, ನಿಧಾನವಾಗಿ ರಾಗ ಕಡಿಮೆ ಮಾಡಿ. ಎಲ್ಲರಿಗೂ ಆಗುತ್ತದೆ ಅಂತಿಲ್ಲ. ಆದರೆ ಅರ್ಥವಾಗುತ್ತದೆ, ಹೇಳಲಿಕ್ಕೆ ಬರುವುದಿಲ್ಲ, ಹಾಡಲಿಕ್ಕೆ ಬರುತ್ತದೆ ಅನ್ನುವವರಿಗೆ ಪ್ರಯತ್ನ ಮಾಡಿ ನೋಡಲೇಬೇಕು. ನೀವು ಫಿಸಿಯೋ ಬಗ್ಗೆ ಬರೆದಿದ್ದೀರಿ, ಸ್ಪೀಚ್ ಥೆರಪಿಯ ಮಾತೇ ಎತ್ತಿಲ್ಲ. ಇಲ್ಲಿಯವರೆಗೆ ಯಾರೂ ನಿಮ್ಮನ್ನು ಅಲ್ಲಿಗೆ ಕಳಿಸಿಲ್ಲ ಅಂತ ಕಾಣುತ್ತದೆ. ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ಅವರ ಹೆಸರಿನ ರಾಷ್ಟ್ರೀಯ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದು. ಅಲ್ಲಿ ತೋರಿಸಿ. ಹೋದಾಗ ಒಂದು ಮಾತು ಹೇಳಲು ಮರೆಯಬೇಡಿ: ಇವರು ಮನೆಯಲ್ಲಿ ಆಡುವುದು ಕುಂದಾಪುರದ ಕನ್ನಡ, ಹೋಟೆಲಿನಲ್ಲಿ ಹಿಂದಿ, ಮರಾಠಿ. ಹಲವು ಭಾಷೆ ಬಲ್ಲವರಲ್ಲಿ ಎಲ್ಲ ಭಾಷೆಯೂ ಒಂದೇ ಪ್ರಮಾಣದಲ್ಲಿ ಹೋಗುವುದಿಲ್ಲ, ಒಂದೇ ಪ್ರಮಾಣದಲ್ಲಿ ತಿರುಗಿ ಬರುವುದೂ ಇಲ್ಲ. ಕನ್ನಡದಲ್ಲೇ ಥೆರಪಿ ಬೇಕು ಅನ್ನಿಸಿದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡುತ್ತಿದೆ. ಊರಿಗೆ ಹೋದಾಗ ಒಮ್ಮೆ ತೋರಿಸಿಕೊಂಡು, ಮನೆಯಲ್ಲಿ ಮಾಡುವ ಅಭ್ಯಾಸ ಕೇಳಿಕೊಂಡು ಬರಬಹುದು.

ಮನೆಯಲ್ಲಿ ಇವತ್ತಿನಿಂದಲೇ ಮಾಡಬಹುದಾದ್ದೂ ಇದೆ. ಟಿವಿ ಬಂದ್ ಮಾಡಿ ಮಾತಾಡಿಸಿ. ಸಣ್ಣ ವಾಕ್ಯ, ಒಂದು ಸಲಕ್ಕೆ ಒಂದೇ ಪ್ರಶ್ನೆ. ‘ಟೀ ಬೇಕಾ, ಕಾಫಿ ಬೇಕಾ, ತಿಂಡಿ ಆಮೇಲೆ ತಿಂತೀರಾ’ ಅಂತ ಒಟ್ಟಿಗೆ ಕೇಳಬೇಡಿ. ಕೇಳಿದ ಮೇಲೆ ಸುಮ್ನೆ ಕಾಯಿರಿ. ಶಬ್ದ ಹುಡುಕುತ್ತಿರುವಾಗ ನೀವೇ ಹೇಳಿ ಮುಗಿಸಬೇಡಿ. ಜೋರಾಗಿ ಕೂಗುವುದೂ ಬೇಡ, ಅವರಿಗೆ ಕಿವಿ ಕೇಳಿಸುತ್ತದೆ. ಅವರ ಎದುರಿಗೇ ಅವರ ಬಗ್ಗೆ ಬೇರೆಯವರ ಹತ್ತಿರ ಮಾತಾಡುವುದು ಬೇಡವೇ ಬೇಡ. ‘ನಾಟಕ’ ಅಂದದ್ದು ಅವರಿಗೂ ಕೇಳಿಸಿದೆ.

ಈಗ ಆರು ತಿಂಗಳ ಮಾತು. ಆ ಹುಡುಗ ಹೇಳಿದ್ದು ಅರ್ಧ ಸರಿ. ಸ್ಟ್ರೋಕ್ ಆದ ಮೇಲೆ ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಬೇಗ ಬೇಗ ಆಗುತ್ತದೆ. ಆರು ತಿಂಗಳ ಹೊತ್ತಿಗೆ ನಿಧಾನವಾಗುತ್ತದೆ. ನಿಧಾನವಾಗುತ್ತದೆ ಅಂದರೆ ನಿಂತಿತು ಅಂತ ಅಲ್ಲ. ಮುಖ್ಯವಾಗಿ ಮಾತು, ವರ್ಷ ಕಳೆದ ಮೇಲೂ ಅಭ್ಯಾಸದಿಂದ ಸುಧಾರಿಸುವುದುಂಟು. ಅವರು ಮೊದಲಿನ ಹಾಗೆ ಗಲ್ಲಾದಲ್ಲಿ ಕೂತು ಗಿರಾಕಿಗಳ ಜೊತೆ ಹರಟೆ ಹೊಡೆಯುತ್ತಾರಾ? ಅದನ್ನು ಯಾವ ಡಾಕ್ಟರೂ ಹೇಳಲಾರರು, ನಾನೂ ಸುಳ್ಳು ಹೇಳುವುದಿಲ್ಲ. ಈ ವರ್ಷದ ಕೊನೆಗೆ ಇವತ್ತಿಗಿಂತ ನಾಲ್ಕು ಶಬ್ದ ಜಾಸ್ತಿ ಆಡುತ್ತಾರಾ? ಅದಕ್ಕೆ ದುಡಿಯಬಹುದು.

ಆಸೆ ಅಂದರೆ ಇದೇ. ನಿಮ್ಮ ಪ್ರಶ್ನೆಗೆ ನನ್ನ ಮುಖ್ಯ ಉತ್ತರವೂ ಇದೇ. ಎಲ್ಲರೂ ಆಸೆಯನ್ನು ಮನಸ್ಸಿನಲ್ಲಿ ತುಂಬಿಕೊಳ್ಳಬೇಕಾದ ಒಂದು ಭಾವನೆ ಅಂತ ತಿಳಿದಿದ್ದಾರೆ. ಖಾಲಿಯಾದವರಿಗೆ ‘ತುಂಬಿಕೋ’ ಅಂದರೆ ಎಲ್ಲಿಂದ ತರಬೇಕು? ಸಿ. ಆರ್. ಸ್ನೈಡರ್ ಅನ್ನುವ ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲಿ ಇದನ್ನು ಬೇರೆ ಥರ ನೋಡಿದರು. ಆಸೆಗೆ ಮೂರು ಬೇಕು ಅಂದರು. ತಲುಪಬೇಕಾದ ಒಂದು ಜಾಗ, ಅಲ್ಲಿಗೆ ಹೋಗುವ ದಾರಿ, ಆ ದಾರಿಯಲ್ಲಿ ನನ್ನಿಂದ ಹೆಜ್ಜೆ ಇಡಲಿಕ್ಕೆ ಆಗುತ್ತದೆ ಅನ್ನುವ ನಂಬಿಕೆ. ‘ಎಲ್ಲ ಸರಿಹೋಗುತ್ತೆ’ ಅನ್ನುವ ಮಾತಿನಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಅದಕ್ಕೇ ಅದು ನಿಮಗೆ ಹಿಡಿಸುತ್ತಿಲ್ಲ, ಸಿಟ್ಟು ಬರಿಸುತ್ತಿದೆ. ಸಿಟ್ಟು ಬರಬೇಕಾದ್ದೇ. ‘ಮೊದಲಿನ ಹಾಗೆ ಆಗಬೇಕು’ ಅನ್ನುವ ಜಾಗ ತುಂಬ ದೂರ, ದಾರಿ ಕಾಣುವುದಿಲ್ಲ, ಹಾಗಾಗಿ ಕಾಲು ಏಳುವುದಿಲ್ಲ. ‘ಗಣೇಶ ಚತುರ್ಥಿಯ ಹೊತ್ತಿಗೆ ಇವರು ಎಡಗೈಯಲ್ಲಿ ಲೋಟ ಹಿಡಿದು ತಾವೇ ಟೀ ಕುಡಿಯಬೇಕು’ ಅಂತ ಇಟ್ಟುಕೊಳ್ಳಿ. ಜಾಗ ಹತ್ತಿರ, ದಾರಿ ಗೊತ್ತು. ಅರ್ಧ ಲೋಟ ಹಾಕಿ, ಹಿಡಿಕೆ ಇರುವ ಲೋಟ ತನ್ನಿ, ಚೆಲ್ಲಿದರೆ ಒರೆಸಿ. ದೊಡ್ಡ ಆಸೆಯನ್ನು ಬಿಡಿ ಅಂತ ಹೇಳುತ್ತಿಲ್ಲ. ಅದು ದೇವರ ಕೋಣೆಯಲ್ಲಿ ಇರಲಿ. ಅಡುಗೆಮನೆಯಲ್ಲಿ ಸಣ್ಣದು ಸಾಕು.

ದೇವರ ಮಾತು ಬಂತಲ್ಲ. ಪೂಜೆ, ಹರಕೆ ನಿಮಗೆ ಸಮಾಧಾನ ಕೊಡುತ್ತಿದ್ದರೆ ಮಾಡಿ. ಆದರೆ ನಿಮ್ಮ ಅತ್ತೆಯೋ ಇನ್ಯಾರೋ ‘ಯಾವುದೋ ಹರಕೆ ತಪ್ಪಿದೆ, ಅದಕ್ಕೇ ಹೀಗಾಯ್ತು’ ಅಂತ ಹುಡುಕಲು ಕೂತರೆ ಆ ಮಾತಿಗೆ ಸೇರಬೇಡಿ. ಸ್ಟ್ರೋಕ್ ಬರುವುದು ಬಿಪಿಯಿಂದ, ಶುಗರ್‌ನಿಂದ, ತಂಬಾಕಿನಿಂದ, ಹೃದಯದ ತೊಂದರೆಯಿಂದ. ಹೋಟೆಲ್ ನಡೆಸುವವರ ಊಟ ನಿದ್ದೆಗೆ ಹೊತ್ತು ಗೊತ್ತು ಇರುವುದಿಲ್ಲ, ಬಿಪಿ ಮಾತ್ರೆ ಗಲ್ಲಾದ ಡ್ರಾಯರಿನಲ್ಲೇ ಉಳಿದಿರುತ್ತದೆ. ಇನ್ನೊಂದು ಸ್ಟ್ರೋಕ್ ಆಗದಂತೆ ನೋಡಿಕೊಳ್ಳುವುದೂ ಆ ಮಾತ್ರೆಯೇ. ಅದನ್ನು ಮಾತ್ರ ತಪ್ಪಿಸಬೇಡಿ.

ಅವರ ಮನಸ್ಸಿನ ಬಗ್ಗೆಯೂ ಎರಡು ಮಾತು. ಸ್ಟ್ರೋಕ್ ಆದವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಮಾತಿಲ್ಲದವರು ಹೇಳಲಾರರು, ಊಟ ದೂಡುತ್ತಾರೆ, ಫಿಸಿಯೋಗೆ ‘ಬೇಡ’ ಅನ್ನುತ್ತಾರೆ, ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಮನೆಯವರು ಇದನ್ನು ಸೋಮಾರಿತನ, ಹಟ ಅಂತ ತಿಳಿಯುತ್ತಾರೆ. ಇದಕ್ಕೆ ಔಷಧಿ ಇದೆ, ನ್ಯೂರಾಲಜಿ ಡಾಕ್ಟರ ಹತ್ತಿರ ಮುಂದಿನ ಸಲ ನೀವಾಗಿ ಕೇಳಿ. ಕೆಲವರಿಗೆ ಕಾರಣವೇ ಇಲ್ಲದೆ ಅಳು ಒತ್ತರಿಸಿ ಬರುತ್ತದೆ, ಎರಡು ನಿಮಿಷದಲ್ಲಿ ನಿಲ್ಲುತ್ತದೆ. ಅದೂ ಮೆದುಳಿಗೆ ಆದ ಪೆಟ್ಟಿನದೇ ಪರಿಣಾಮ. ಪ್ರತಿ ಅಳುವಿನ ಹಿಂದೆಯೂ ನೀವು ಮಾಡಿದ ತಪ್ಪು ಯಾವುದು ಅಂತ ಹುಡುಕಬೇಡಿ.

ಈಗ ನಿಮ್ಮ ವಿಷಯ.

ಊರಿಗೆ ಹೋಗುವ ಮತ್ಸ್ಯಗಂಧ ರೈಲು ನಿಮಗೆ ಗೊತ್ತಲ್ವಾ. ಮಳೆಗಾಲ ಬಂತು ಅಂದರೆ ಕೊಂಕಣ ರೈಲ್ವೆಯವರು ಮಾನ್ಸೂನ್ ಟೈಮ್‌ಟೇಬಲ್ ಹಾಕುತ್ತಾರೆ. ಗುಡ್ಡ ಕುಸಿಯುವ ಭಯ ಇರುವ ಕಡೆ ವೇಗ ಇಳಿಸುತ್ತಾರೆ, ಹಳಿ ಕಾಯಲಿಕ್ಕೆ ಜನ ಹಾಕುತ್ತಾರೆ, ಹೊರಡುವ ಹೊತ್ತು, ಮುಟ್ಟುವ ಹೊತ್ತು ಎಲ್ಲ ಬದಲು. ಏಪ್ರಿಲ್‌ನ ಹೊತ್ತಿಗೇ ಮುಟ್ಟಬೇಕು ಅಂತ ಜುಲೈಯಲ್ಲಿ ಯಾರೂ ಹಟ ಹಿಡಿಯುವುದಿಲ್ಲ. ರೈಲು ಲೇಟ್ ಅಂತ ಬೈಯುವುದೂ ಇಲ್ಲ, ಯಾಕೆಂದರೆ ಟೈಮ್‌ಟೇಬಲ್ಲೇ ಬೇರೆ. ನೀವು ಕಳೆದ ನವೆಂಬರ್‌ನಿಂದ ಹಳೇ ಟೈಮ್‌ಟೇಬಲ್ ಇಟ್ಟುಕೊಂಡೇ ಓಡುತ್ತಿದ್ದೀರಿ. ಮನೆ ಮೊದಲಿನಷ್ಟೇ ಕ್ಲೀನ್ ಇರಬೇಕು, ಬಂದವರಿಗೆಲ್ಲ ಕಾಫಿ ತಿಂಡಿ ಆಗಬೇಕು, ಸಂಬಂಧಿಕರ ಪ್ರತಿ ಫೋನಿಗೂ ಮೊದಲಿನಿಂದ ಕಥೆ ಹೇಳಬೇಕು, ಮಗನ ಎದುರು ನಗಬೇಕು. ಆಗದಿದ್ದಾಗ ನಿಮ್ಮನ್ನೇ ನೀವು ಬೈದುಕೊಳ್ಳುತ್ತೀರಿ.

ವೇಗ ಇಳಿಸಿ. ಯಾವ ಕೆಲಸ ಬಿಡಬಹುದು ಅಂತ ನಾನು ಇಲ್ಲಿಂದ ಹೇಳುವುದು ಕಷ್ಟ, ಆದರೆ ಫೋನಿನ ಕೆಲಸ ಖಂಡಿತ ಬಿಡಬಹುದು. ನಾದಿನಿಯೋ ಓರಗಿತ್ತಿಯೋ ಒಬ್ಬರನ್ನು ಹಿಡಿದು, ವಾರಕ್ಕೊಮ್ಮೆ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಸುದ್ದಿ ಹಾಕುವ ಕೆಲಸ ಅವರಿಗೆ ಕೊಡಿ. ‘ಏನಾದರೂ ಬೇಕಾದರೆ ಹೇಳು’ ಅನ್ನುವವರು ತುಂಬ ಜನ ಇರುತ್ತಾರೆ. ಅವರಿಗೆ ಸುಮ್ನೆ ‘ಆಯ್ತು’ ಅನ್ನಬೇಡಿ. ‘ಭಾನುವಾರ ನಾಲ್ಕರಿಂದ ಆರು ಇವರ ಹತ್ತಿರ ಕೂರ್ತೀರಾ?’ ಅಂತ ಕೇಳಿ. ಭಾವನವರಿಂದಲೇ ಶುರು ಮಾಡಿ. ಎರಡು ಗಂಟೆ ಕೂತರೆ ನಾಟಕವೋ ಅಲ್ಲವೋ ಅವರಿಗೇ ಗೊತ್ತಾಗುತ್ತದೆ. (ಇದನ್ನು ಬರೆಯುವಾಗ ನನಗೆ ಸ್ವಲ್ಪ ಖುಷಿಯಾಗುತ್ತಿದೆ, ಸುಳ್ಳು ಯಾಕೆ ಹೇಳಲಿ.)

ಎಲ್ಲ ಸಡಿಲ ಬಿಟ್ಟರೂ ದಿನದಲ್ಲಿ ಎರಡು ಮೂರು ಸಂಗತಿ ಮಾತ್ರ ಅಲುಗದ ಹಾಗೆ ಇರಲಿ. ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ, ರಾತ್ರಿ ಎಷ್ಟೇ ಕೆಟ್ಟದಾಗಿದ್ದರೂ. ಒಂದು ಊಟ ಕೂತು ಮಾಡಿ. ಒಲೆಯ ಹತ್ತಿರ ನಿಂತು ಅವರ ತಟ್ಟೆಯಲ್ಲಿ ಉಳಿದದ್ದನ್ನು ತಿನ್ನುವುದು ಊಟ ಅಲ್ಲ. ಹಗಲಲ್ಲಿ ಒಮ್ಮೆ ಬಿಲ್ಡಿಂಗಿನಿಂದ ಹೊರಗೆ ಬನ್ನಿ, ಇಪ್ಪತ್ತು ನಿಮಿಷ ಸಾಕು, ತರಕಾರಿ ತರುವ ನೆಪವಾದರೂ ಸರಿ. ಮಳೆ ಇದ್ದರೆ ಛತ್ರಿ ಹಿಡಿದುಕೊಂಡು ಬನ್ನಿ. ಹಗಲಿನ ಬೆಳಕಿಗೂ ರಾತ್ರಿಯ ನಿದ್ದೆಗೂ ನೇರ ಸಂಬಂಧ ಇದೆ.

ರಾತ್ರಿ ಮೂರರ ವಿಷಯದಲ್ಲಿ ನನ್ನದು ಕಟ್ಟುನಿಟ್ಟು. ಆ ಹೊತ್ತಿನಲ್ಲಿ ಬಂದ ಯಾವ ತೀರ್ಮಾನವನ್ನೂ ನಂಬಬೇಡಿ. ದುಡ್ಡು ಮುಗಿಯುತ್ತದೆ, ಮಗ ಫೇಲ್ ಆಗುತ್ತಾನೆ, ನಾನು ಕೆಟ್ಟವಳು, ಎಲ್ಲ ಆಗಲೇ ಬರುವುದು. ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಕೂರಿ, ಸಣ್ಣ ದೀಪ ಹಾಕಿ, ಫೋನ್ ಮುಟ್ಟಬೇಡಿ. ಉಸಿರನ್ನು ಒಳಗೆ ತಗೊಂಡದ್ದಕ್ಕಿಂತ ಹೊರಗೆ ಬಿಡುವುದು ಉದ್ದ ಇರಲಿ. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ನಿಧಾನವಾಗಿ ಉಸಿರು ಬಿಡುವಾಗ ಎದೆಬಡಿತ ಇಳಿಯುತ್ತದೆ, ಮೈ ಸಡಿಲವಾಗುತ್ತದೆ. ತೂಕಡಿಕೆ ಬಂದ ಮೇಲೆ ಹೋಗಿ ಮಲಗಿ. ಚಿಂತೆಗೆ ಸಂಜೆ ಐದು ಗಂಟೆಯ ಹೊತ್ತು ಕೊಡಿ. ಹಳೇ ನೋಟ್‌ಬುಕ್ ಒಂದರಲ್ಲಿ ಹದಿನೈದು ನಿಮಿಷ ಎಲ್ಲ ಬರೆಯಿರಿ. ಈ ವಾರ ಏನಾದರೂ ಮಾಡಬಹುದಾದ್ದಕ್ಕೆ ಗೆರೆ ಎಳೆಯಿರಿ, ಉಳಿದದ್ದು ಪುಸ್ತಕದಲ್ಲೇ ಇರಲಿ. ರಾತ್ರಿ ಅದೇ ಚಿಂತೆ ಬಂದರೆ ‘ಬರೆದಾಗಿದೆ, ನಾಳೆ ಐದಕ್ಕೆ’ ಅನ್ನಿ. ಮೊದಲ ಕೆಲವು ದಿನ ಕೇಳುವುದಿಲ್ಲ, ಆಮೇಲೆ ಮನಸ್ಸು ಸ್ವಲ್ಪ ಸ್ವಲ್ಪ ಒಗ್ಗುತ್ತದೆ.

ಪಕ್ಕದ ಮನೆಯ ಮಾತ್ರೆ ಮಾತ್ರ ಇನ್ನು ಬೇಡ. ಅಂಥ ಎಷ್ಟೋ ನಿದ್ದೆ ಮಾತ್ರೆಗಳು ಬೇಗ ಅಭ್ಯಾಸ ಹಿಡಿಸುತ್ತವೆ. ರಾತ್ರಿ ಎದ್ದು ಒಬ್ಬರನ್ನು ಹಿಡಿದು ನಡೆಸಬೇಕಾದ ನಿಮಗೆ ಆ ಅಮಲು ಅಪಾಯ. ಇಬ್ಬರೂ ಬೀಳುತ್ತೀರಿ.

ನಕ್ಕದ್ದಕ್ಕೆ ಅತ್ತಿರಿ ಅಂದಿರಿ. ಅಳಬೇಡಿ ಅನ್ನುವುದಿಲ್ಲ, ಆದರೆ ನಕ್ಕದ್ದು ತಪ್ಪಲ್ಲ. 1999ರಲ್ಲಿ ಸ್ಟ್ರೋಬೆ ಮತ್ತು ಶುಟ್ ಅನ್ನುವ ಇಬ್ಬರು ಸಂಶೋಧಕರು ದುಃಖದಲ್ಲಿರುವವರ ಬಗ್ಗೆ ಬರೆದದ್ದು ನನಗೆ ದಿನಾ ಉಪಯೋಗಕ್ಕೆ ಬರುತ್ತದೆ. ಮನುಷ್ಯ ಒಂದೇ ಸಮನೆ ದುಃಖದಲ್ಲಿ ಇರಲಾರ, ಇರಲೂಬಾರದು. ಸ್ವಲ್ಪ ಹೊತ್ತು ಕಳೆದುಕೊಂಡದ್ದರ ಕಡೆ, ಸ್ವಲ್ಪ ಹೊತ್ತು ಬದುಕಿನ ಕಡೆ, ಹೀಗೆ ಆಚೆ ಈಚೆ ಹೋಗುತ್ತಾ ಬರುತ್ತಾ ಇರುತ್ತಾನೆ. ಆ ಓಡಾಟದಿಂದಲೇ ದುಃಖ ತಾಳಿಕೊಳ್ಳುವ ಹದಕ್ಕೆ ಬರುತ್ತದೆ. ಲೇಡೀಸ್ ಡಬ್ಬದಲ್ಲಿ ನಿಮಗೆ ಸಿಕ್ಕಿದ ಆ ನಗು ಗಂಡನಿಗೆ ಮಾಡಿದ ದ್ರೋಹ ಅಲ್ಲ. ಆ ಗೆಳತಿಯ ನಂಬರ್ ಇದೆಯಾ? ಇದ್ದರೆ ಫೋನ್ ಮಾಡಿ.

ಟ್ಯೂಷನ್ ಬಿಟ್ಟದ್ದೂ ನನಗೆ ಸರಿ ಕಾಣಲಿಲ್ಲ. ಎಲ್ಲ ಮಕ್ಕಳೂ ಬೇಡ. ಇಬ್ಬರು ಮಕ್ಕಳು, ವಾರಕ್ಕೆ ಎರಡು ಸಂಜೆ. ಮನಸ್ಸು ಬಂದ ಮೇಲೆ ಶುರು ಮಾಡುತ್ತೇನೆ ಅಂದುಕೊಂಡಿರುತ್ತೀರಿ. ಮನಸ್ಸು ಕುಗ್ಗಿದಾಗ ಅದು ತಾನಾಗಿ ಬರುವುದಿಲ್ಲ. ಮೊದಲು ಕೆಲಸ, ಹಿಂದೆಯೇ ಸ್ವಲ್ಪ ಮನಸ್ಸು. ಖಿನ್ನತೆಯ ಚಿಕಿತ್ಸೆಯಲ್ಲಿ 1970ರ ದಶಕದಿಂದ ಬಳಸುತ್ತಿರುವ ದಾರಿ ಇದು. ನಿಮ್ಮ ಮನೆಯವರೂ ಅದೇ ಕೋಣೆಯಲ್ಲಿ ಕೂರಲಿ. ಮಗ್ಗಿ ಹೇಳುವ ಮಕ್ಕಳ ಜೊತೆ ಅವರ ಬಾಯಿಂದಲೂ ಮಗ್ಗಿ ಬಂದರೆ ಆಶ್ಚರ್ಯ ಪಡಬೇಡಿ. ಅದೂ ಬಾಯಿಪಾಠವೇ.

ಮಗನಿಗೆ ಎಲ್ಲ ಗೊತ್ತು. ಗೋಡೆಯ ಆಚೆಯಿಂದ ನಿಮ್ಮ ಅಳು ಕೇಳಿದವನಿಗೆ ಬೆಳಿಗ್ಗೆ ನಿಮ್ಮ ನಗು ನೋಡಿ ಇನ್ನೂ ಹೆದರಿಕೆಯಾಗುತ್ತದೆ. ‘ಅಪ್ಪನಿಗೆ ನಿಧಾನ ಆಗ್ತದೆ, ನನಗೆ ಕೆಲವು ಸಲ ಬೇಜಾರಾಗ್ತದೆ, ಅದು ನಿನ್ನ ತಪ್ಪಲ್ಲ, ನಿನ್ನ ಓದು ನಿನ್ನ ಕೆಲಸ’ ಅಂತ ಒಮ್ಮೆ ಹೇಳಿ. ಅವನಿಗೆ ದಿನಕ್ಕೆ ಅರ್ಧ ಗಂಟೆಯ ಒಂದು ಕೆಲಸ ಕೊಡಿ, ಅಪ್ಪನಿಗೆ ಪೇಪರಿನ ಕ್ರಿಕೆಟ್ ಪುಟ ಓದಿ ಹೇಳುವಂಥದ್ದು. ಅದಕ್ಕಿಂತ ಜಾಸ್ತಿ ಬೇಡ.

ಇಷ್ಟೆಲ್ಲ ಮಾಡಿದರೂ ಎರಡು ವಾರ ಹೆಚ್ಚಿನ ದಿನಗಳಲ್ಲಿ ಏನೂ ಬೇಡ ಅನ್ನಿಸುವುದು, ಊಟ ಸೇರದಿರುವುದು, ನಿದ್ದೆ ಇಲ್ಲದಿರುವುದು, ನಾನು ಯಾತಕ್ಕೂ ಬೇಡದವಳು ಅನ್ನಿಸುವುದು ಹಾಗೇ ಇದ್ದರೆ ಅದು ಬರೀ ಸುಸ್ತಲ್ಲ, ಖಿನ್ನತೆ. ನೀವು ಬರೆದದ್ದು ನೋಡಿದರೆ ಈಗಲೇ ತೋರಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮುಂಬೈಯ ಸಾಯನ್, ಕೆಇಎಂನಂಥ ಮುನಿಸಿಪಲ್ ಆಸ್ಪತ್ರೆಗಳಲ್ಲಿ ಸೈಕಿಯಾಟ್ರಿ ಓಪಿಡಿ ಇದೆ, ಕೇಸ್ ಪೇಪರಿಗೆ ಕೊಡುವ ದುಡ್ಡು ತುಂಬ ಕಡಿಮೆ. ಖಿನ್ನತೆಯ ಔಷಧಿ ಕೊಟ್ಟರೆ ಅದು ನಿದ್ದೆ ಮಾತ್ರೆಯಂತೆ ಚಟ ಹಿಡಿಸುವುದಲ್ಲ, ಆದರೆ ಕೆಲಸ ಮಾಡಲಿಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಎಂಟು ದಿನ ತಗೊಂಡು ‘ಏನೂ ಆಗಲಿಲ್ಲ’ ಅಂತ ಬಿಡಬೇಡಿ. ಚೆನ್ನಾಗಿ ಅನ್ನಿಸಿದ ಮೇಲೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಕೊನೆಗೆ ಒಂದು ಕಾಗದದ ಕೆಲಸ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕೈಕಾಲಿನ ತೊಂದರೆಯ ಜೊತೆಗೆ ಮಾತು ಮತ್ತು ಭಾಷೆಯ ತೊಂದರೆಯೂ ಸೇರಿದೆ. ನಿಮ್ಮ ಮನೆಯವರಿಗೆ ಯುಡಿಐಡಿ ಕಾರ್ಡಿಗೆ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಅರ್ಜಿ ಹಾಕಿ. ಆನ್‌ಲೈನ್ ಅರ್ಜಿ ತುಂಬುವುದನ್ನು ಮಗ ಮಾಡಿಯಾನು. ಸರ್ಟಿಫಿಕೇಟ್ ಸಿಕ್ಕರೆ ರೈಲಿನಲ್ಲಿ ಊರಿಗೆ ಹೋಗುವಾಗಲೂ ಉಪಯೋಗಕ್ಕೆ ಬಂದೀತು.

ಈ ವಾರಕ್ಕೆ ಎರಡೇ ಫೋನ್: ಒಂದು ಬಾಂದ್ರಾದ ಸಂಸ್ಥೆಗೆ, ಅಪಾಯಿಂಟ್‌ಮೆಂಟ್ ಕೇಳಲಿಕ್ಕೆ. ಇನ್ನೊಂದು ಭಾವನವರಿಗೆ, ಭಾನುವಾರ ನಾಲ್ಕು ಗಂಟೆಗೆ ಬನ್ನಿ ಅಂತ. ಉಳಿದದ್ದನ್ನು ಮುಂದಿನ ವಾರ ನೋಡಿದರಾಯಿತು.